ಕೆಂಪು ಗಾಜಿನ ಬಿಲ್ಲೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕನ್ನಡಿ ಮಾಮ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಮಾಮ ತಾವೇ ತಿರುಗಿ ನೋಡುತ್ತಿರಲಿಲ್ಲ.

ಅವರ ಅಪ್ಪ ಗಾಜಿಗೆ ಬೆಳ್ಳಿ ಕೂರಿಸಿ ಕನ್ನಡಿ ಮಾಡುತ್ತಿದ್ದವರು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿ, ಅದರ ಕೊನೆಗೆ ಒಂದೇ ಕಿಟಕಿಯ ಅಂಗಡಿ. ಇಪ್ಪತ್ತಾರರ ವಯಸ್ಸಿನವರೆಗೂ ಮಾಮ ಅಲ್ಲಿಯೇ ಅಪ್ಪನ ಎದುರು ಕೂತು ಗಾಜು ತೊಳೆದರು. "ಬೆರಳು ತಾಗಿದ ಕಡೆ ಬೆಳ್ಳಿ ಕೂರಲ್ಲ, ಸುಳ್ಳು ತಾಗಿದ ಕಡೆ ಮಾತು ಕೂರಲ್ಲ" ಎನ್ನುವುದು ಅಪ್ಪ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾರ ಕೈಯಿಂದಲಾದರೂ ಕನ್ನಡಿ ಕೆಟ್ಟರೆ ಬೈಗುಳವಿಲ್ಲ, ಏಟಿಲ್ಲ. ಕೆಟ್ಟ ಕನ್ನಡಿಯನ್ನು ಕೆಡಿಸಿದವನ ಎದುರು ಗೋಡೆಗೆ ತೂಗುಹಾಕುವುದು. ಅವನಾಗಿಯೇ ಎದ್ದು "ಇದು ನಾನು ಕೆಡಿಸಿದ್ದು" ಎಂದು ಹೇಳಿ, ಬೆಳ್ಳಿ ಕಳಚಿ ಮತ್ತೆ ಕೂರಿಸುವವರೆಗೆ ಆ ಕಲೆ ಬಿದ್ದ ಮುಖವನ್ನು ನೋಡಿಕೊಂಡೇ ಕೆಲಸ ಮಾಡಬೇಕು. ಮಾಮ ಎರಡು ದಿನಕ್ಕಿಂತ ಹೆಚ್ಚು ಯಾವತ್ತೂ ತಡೆದಿರಲಿಲ್ಲ.

ಕಾರ್ಖಾನೆಯ ಕನ್ನಡಿಗಳು ಬಂದ ಮೇಲೆ ಅಂಗಡಿ ಮುಚ್ಚಿತು. ವಿಶ್ವವಿದ್ಯಾಲಯದ ಬೆಳಕಿನ ಪ್ರಯೋಗಾಲಯದಲ್ಲಿ ಬೆಳ್ಳಿ ಕೂರಿಸಬಲ್ಲ ಕೈಯೊಂದು ಬೇಕಾಗಿತ್ತು. ಮಾಮ ಸೇರಿಕೊಂಡರು. ಸೇರಿ ಮೂವತ್ತೊಂದು ವರ್ಷವಾಗಿತ್ತು.

ಅಲ್ಲಿ ಕಲಿತದ್ದು ಅಪ್ಪನ ವಿದ್ಯೆಯ ತಲೆಕೆಳಗು. ಅಪ್ಪನಿಗೆ ನುಣುಪು ಬೇಕಿತ್ತು, ಇಲ್ಲಿಯವರಿಗೆ ಒರಟು. ಅದೂ ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಒರಟು. ತಲೆಗೂದಲಿನ ದಪ್ಪದಲ್ಲಿ ಇನ್ನೂರು ಸಾಲಾಗಿ ನಿಲ್ಲುವಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಮಾಮ ತಟ್ಟೆಯ ನೀರಿನ ಮೇಲೆ ತೇಲಿಬಿಡುತ್ತಿದ್ದರು. ಮಣಿಗಳು ಒಂದಕ್ಕೊಂದು ಒತ್ತಿಕೊಂಡು, ಪಾರಿವಾಳದ ಕತ್ತಿನ ಬಣ್ಣದ ಒಂದು ಪೊರೆಯಾಗುತ್ತಿದ್ದವು. ಆಗ ಉಸಿರು ಬಿಗಿಹಿಡಿದು, ನೀರಿನೊಳಗಿಂದ ಗಾಜಿನ ಚೂರೊಂದನ್ನು ಓರೆಯಾಗಿ ಮೇಲೆತ್ತಬೇಕು. ಕೈ ನಡುಗಿದರೆ ಪೊರೆ ಬಿರಿಯುತ್ತದೆ. ಒಣಗಿದ ಮೇಲೆ, ಗಾಳಿ ತೆಗೆದ ಗಾಜಿನ ಗುಮ್ಮಟದೊಳಗೆ ಬೆಳ್ಳಿಯನ್ನು ಕಾಯಿಸಿ ಆವಿ ಮಾಡಿದರೆ ಅದು ಮಣಿಗಳ ಸಂದುಸಂದಿಗೆ ಇಳಿಯುತ್ತದೆ. ಮಣಿಗಳನ್ನು ಅಂಟುಪಟ್ಟಿಯಿಂದ ಕಿತ್ತರೆ ಗಾಜಿನ ಮೇಲೆ ಉಳಿಯುವುದು ಬೆಳ್ಳಿಯ ಕೋಟ್ಯಂತರ ಮುಮ್ಮೂಲೆ ಚೂರುಗಳು. ಅದನ್ನು ಕಣ್ಣಾರೆ ಕಂಡವರಿಲ್ಲ. ಮಾಮನ ಕೈ ಮಾತ್ರ ಕಂಡಿತ್ತು.

ಇದೆಲ್ಲ ಯಾಕೆ ಎಂದು ಅವರಿಗೆ ತಿಳಿಯುವಂತೆ ಹೇಳಿದವಳು ಸಂಶೋಧನೆಯ ನಾಲ್ಕನೆಯ ವರ್ಷದಲ್ಲಿದ್ದ ಹುಡುಗಿ. ತೆಳ್ಳಗಿನ, ಮಾತಿಗಿಂತ ಮೊದಲು ನಗುವ ಹುಡುಗಿ.

"ಉಯ್ಯಾಲೆ ನೆನಪಿದೆಯಾ ಮಾಮ? ಮೆಲ್ಲಗೆ ತೂಗಿದ್ರೆ ನೀವು ತೂಗಿದ ಹಾಗೇ ಹೋಗಿ ಬರುತ್ತೆ. ಜೋರಾಗಿ ತೂಗಿದ್ರೆ ಏನಾಗುತ್ತೆ?"

"ಮೇಲಕ್ಕೆ ಹೋದಾಗ ಸರಪಳಿ ಸಡಿಲ ಆಗಿ ಜಗ್ಗುತ್ತೆ. ಎದೆ ಧಸಕ್ ಅನ್ನುತ್ತೆ."

"ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ. ಉಯ್ಯಾಲೆ ಒಂದು ಸಲ ಹೋಗಿಬರೋದ್ರಲ್ಲಿ ಜಗ್ಗು ಎರಡು. ಲೋಹದ ಮೇಲೆ ಬೆಳಕು ಬಿದ್ದಾಗಲೂ ಹಾಗೇನೇ. ಮೆಲ್ಲಗೆ ಬಿದ್ರೆ ಬಂದ ಬಣ್ಣವೇ ವಾಪಸ್. ಲೇಸರ್ ಜೋರಾಗಿ ಬಿದ್ರೆ ದುಪ್ಪಟ್ಟು ಸಲ ತೂಗೋ ಬೆಳಕು ಹುಟ್ಟುತ್ತೆ. ಕಡುಕೆಂಪು ಹೋಗಿ ನೀಲಿ ಬರುತ್ತೆ. ನುಣುಪು ಬೆಳ್ಳೀಲಿ ಅದು ಸಾಸಿವೆ ಕಾಳಿನಷ್ಟು. ನಿಮ್ಮ ಬೆಳ್ಳೀಲಿ ಬೆಳಕೆಲ್ಲ ಆ ಚೂಪು ತುದಿಗಳಿಗೆ ಹೋಗಿ ಸೇರುತ್ತಲ್ಲ, ಅಲ್ಲಿ ಜಗ್ಗು ಜಾಸ್ತಿ, ನೀಲಿನೂ ಜಾಸ್ತಿ."

"ಅಂದ್ರೆ ನಾನು ಉಯ್ಯಾಲೆ ಕಟ್ಟೋನು ಅನ್ನು."

"ಕೋಟಿಗಟ್ಟಲೆ ಉಯ್ಯಾಲೆ ಮಾಮ."

ಮಾಮನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಅವತ್ತು ಸಂಜೆ ಗಂಡ ಉಯ್ಯಾಲೆಯ ಕಥೆಯನ್ನು ಮೂರು ಸಲ ಹೇಳಿದ್ದನ್ನು ಕೇಳಿ, "ಸರಿ, ಕೋಟಿ ಕಟ್ಟಿದ್ದೀರಲ್ಲ, ಅಂಗಳದಲ್ಲಿ ಬಟ್ಟೆ ಒಣಗಿಸೋ ಹಗ್ಗ ಒಂದು ಕಟ್ಟಿಕೊಡಿ" ಎಂದರು.

ಲೇಸರ್ ಇರುವ ಕೋಣೆಯಲ್ಲಿ ಬಾಗಿಲಿನಷ್ಟು ಅಗಲದ, ಎರಡಾಳು ಉದ್ದದ ಉಕ್ಕಿನ ಮೇಜು. ಅದರ ಮೇಲೆ ನಲವತ್ತು ಕಂಬಗಳಲ್ಲಿ ಕನ್ನಡಿ, ಮಸೂರ, ಬಿಲ್ಲೆಗಳು. ಬೆಳಕು ಒಂದರಿಂದೊಂದಕ್ಕೆ ಹಾದು ಕೊನೆಗೆ ಬೆಳ್ಳಿಯ ಮೇಲೆ ಬೀಳಬೇಕು. ಹುಟ್ಟಿದ ನೀಲಿಯನ್ನು ಒಂದು ಯಂತ್ರ ಸೆಕೆಂಡಿಗೆ ಎಷ್ಟೆಂದು ಎಣಿಸಿ ಅಂಕಿ ತೋರಿಸಬೇಕು. ದಾರಿಯಲ್ಲಿ ಸ್ಫಟಿಕದ ಒಂದು ಬಿಲ್ಲೆಯಿತ್ತು. ಅದರ ತುಂಟತನವೇನೆಂದರೆ ಅದು ತಾನೂ ಒಂದಿಷ್ಟು ನೀಲಿ ಹುಟ್ಟಿಸುತ್ತದೆ. ಆ ಕಳ್ಳ ನೀಲಿ ಬೆಳ್ಳಿಯ ಲೆಕ್ಕಕ್ಕೆ ಸೇರದಂತೆ, ಬೆಳ್ಳಿಯ ಮುಂದೆ ಕೆಂಪು ಗಾಜಿನ ಬಿಲ್ಲೆಯೊಂದು ಕಾವಲು ನಿಲ್ಲುತ್ತಿತ್ತು. ಕೆಂಪನ್ನು ಬಿಡುತ್ತದೆ, ನೀಲಿಯನ್ನು ನುಂಗುತ್ತದೆ.

ಮೇಜಿನ ಮೂಲೆಯಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ. ಮೇಜಿನ ಮೇಲಿನ ಯಾವುದನ್ನೇ ಮುಟ್ಟಲಿ, ಧೂಳು ಒರೆಸಿದರೂ ಸರಿ, ತಾರೀಖು ಹಾಕಿ ಬರೆಯಬೇಕು. ಹೊಸದಾಗಿ ಸೇರಿದವರು ಮೊದಲ ವಾರ ಮಾಡುವ ಕೆಲಸ ಒಂದೇ: ಆ ಪುಸ್ತಕವನ್ನು ಮೊದಲ ಪುಟದಿಂದ ಓದುವುದು. ಈ ಪದ್ಧತಿಯನ್ನು ಜಾರಿಗೆ ತಂದವರೇ ಮಾಮ. ಬರೆಯದೆ ಮುಟ್ಟಿದ್ದಕ್ಕೆ ಒಮ್ಮೆ ಮೇಷ್ಟ್ರನ್ನೂ, ಎಂದರೆ ಪ್ರಯೋಗಾಲಯದ ಮುಖ್ಯಸ್ಥರನ್ನೂ, ಬಾಗಿಲಾಚೆ ನಿಲ್ಲಿಸಿದ್ದರು. ಮಾಮ ಜೋಡಿಸಿದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸಿದರೆ ಅವರ ಮಾತನ್ನು ನಂಬದ ಹಾಗೆ ಎಂದು ಎಲ್ಲರ ಎಣಿಕೆ.

ಒಂದು ಶನಿವಾರ ಮಾಮ ಕೆಂಪು ಬಿಲ್ಲೆಯ ಮೇಲೆ ಮಬ್ಬು ಕಟ್ಟಿದ್ದನ್ನು ಕಂಡು ಅದನ್ನು ಹಿಡಿಕೆಯಿಂದ ಬಿಡಿಸಿದರು. ಐದು ನಿಮಿಷದ ಕೆಲಸ. ಒರೆಸಿ ಹಾಕಿದ ಮೇಲೆ ಬರೆದರಾಯಿತು ಎಂದುಕೊಂಡರು. ಅಷ್ಟರಲ್ಲಿ ಕಾವಲಿನವನು ಬಂದು, ಮಹಡಿಯ ಮೇಲಿನ ಪಂಪು ಎಣ್ಣೆ ಕಾರುತ್ತಿದೆ ಎಂದ. ಬಿಲ್ಲೆಯನ್ನು ತೆಳು ಕಾಗದದಲ್ಲಿ ಸುತ್ತಿ ಕೆಲಸದ ಬೂದು ಕೋಟಿನ ಜೇಬಿಗಿಳಿಸಿ ಓಡಿದರು. ಕೋಟಿಗೆಲ್ಲ ಎಣ್ಣೆಯಾಯಿತು. ಅದನ್ನು ಪಂಪಿನ ಕೋಣೆಯ ಮೊಳೆಗೆ ಸಿಕ್ಕಿಸಿ, ಕೈ ತೊಳೆದು ಮನೆಗೆ ಹೋದರು. ಸೋಮವಾರದಿಂದ ತೊಟ್ಟದ್ದು ಇನ್ನೊಂದು, ಬಿಳಿ ಕೋಟು.

ಸೋಮವಾರ ಹುಡುಗಿ ಮಾಮನ ಹೊಸ ಬೆಳ್ಳಿಯನ್ನು ಮೇಜಿಗೇರಿಸಿದಳು. ನುಣುಪು ಬೆಳ್ಳಿಯ ಅಂಕಿಯನ್ನು ಹಿಂದಿನ ವಾರವೇ ತೆಗೆದಿಟ್ಟಿದ್ದಳು: ಸೆಕೆಂಡಿಗೆ ನಾಲ್ಕು. ಈಗ ಯಂತ್ರ ತೋರಿಸಿದ್ದು ಸಾವಿರದ ಇನ್ನೂರು. ಮುನ್ನೂರು ಪಟ್ಟು. ಇಂಥದೇ ಬೆಳ್ಳಿಯಲ್ಲಿ ಬೇರೆ ಕಡೆಯವರಿಗೆ ಸಿಕ್ಕಿದ್ದು ಹೆಚ್ಚೆಂದರೆ ನಲವತ್ತು. ಅವಳು ಹಾಗೆಯೇ ನಂಬುವವಳಲ್ಲ. ಬೆಳಕನ್ನು ದುಪ್ಪಟ್ಟು ಮಾಡಿದರೆ ನೀಲಿ ನಾಲ್ಕು ಪಟ್ಟಾಗಬೇಕು, ಮಾಡಿ ನೋಡಿದಳು. ಆಯಿತು. ಸ್ಫಟಿಕದ ಕಳ್ಳ ನೀಲಿಯೂ ಅದೇ ನಿಯಮವನ್ನು ಪಾಲಿಸುತ್ತದೆಂಬುದು ಅವಳಿಗೆ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು? ಕಾವಲು ಇದೆಯೆಂದೇ ಅವಳ ಲೆಕ್ಕ.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಈ ಕೈನ ಗಾಜಿನ ಪೆಟ್ಟಿಗೇಲಿ ಇಡಬೇಕು ಕಣ್ರಯ್ಯ," ಎಂದು ಎಲ್ಲರ ಎದುರು ಮಾಮನ ಬಲಗೈ ಹಿಡಿದೆತ್ತಿದರು. ಮುಂದಿನ ತಿಂಗಳ ಸಮ್ಮೇಳನಕ್ಕೆ ಹುಡುಗಿಯ ಹೆಸರು ಹೋಯಿತು. ಆ ಸಂಜೆ ಮಾಮ ಹೆಂಡತಿಗೆ ಹಗ್ಗವನ್ನೂ ಕಟ್ಟಿಕೊಟ್ಟರು.

ಮೂರು ವಾರ ಕಳೆದ ಮೇಲೆ ಬೂದು ಕೋಟನ್ನು ಒಗೆಯಲು ಒಯ್ಯೋಣವೆಂದು ಮೊಳೆಯಿಂದ ತೆಗೆದಾಗ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಕಾಗದ ಬಿಚ್ಚುವುದಕ್ಕೂ ಮೊದಲೇ ಅವರಿಗೆ ಗೊತ್ತಾಗಿತ್ತು. ಕೆಂಪು ಗಾಜಿನ ಆಚೆ ಅವರ ಬೆರಳು ರಕ್ತದ ಬಣ್ಣದಲ್ಲಿ ಕಂಡಿತು.

ಊಟದ ಹೊತ್ತು. ಲೇಸರ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಮಾಮ ಹೋಗಿ ಬಿಲ್ಲೆಯನ್ನು ಅದರ ಹಿಡಿಕೆಯಲ್ಲಿ ಕೂರಿಸಿದರು. ಸಂಜೆ ಹುಡುಗಿಗೆ ಹೇಳಬೇಕು ಎಂದುಕೊಂಡರು. ಪುಸ್ತಕ ಅಲ್ಲೇ ತೆರೆದಿತ್ತು, ನಡುವೆ ಪೆನ್ನೂ ಇತ್ತು. ಪೆನ್ನನ್ನು ಮುಚ್ಚಿಟ್ಟು ಹೊರಗೆ ಬಂದರು.

ಸಂಜೆ ಹೇಳಲಿಲ್ಲ. ಮಾರನೆಯ ದಿನ ಅದೇ ಬೆಳ್ಳಿಯ ಅಂಕಿ ನೂರ ಇಪ್ಪತ್ತಕ್ಕೆ ಇಳಿದಿತ್ತು.

"ಮಾಮ, ನಿನ್ನೆ ರಾತ್ರಿ ಡಬ್ಬಿ ಮುಚ್ಚಳ ಹಾಕೋದು ಮರೆತೆ ಅನ್ಸುತ್ತೆ," ಎಂದಳು ಹುಡುಗಿ. ಅವಳ ಮುಖ ಬಿಳಿಚಿತ್ತು. "ಬೆಳ್ಳಿ ಗಾಳಿಗೆ ಕಪ್ಪಾಗಿಬಿಟ್ಟಿದೆ."

ಹೇಳುವುದಿದ್ದರೆ ಅದೇ ಗಳಿಗೆ. "ಇನ್ನೊಂದು ಮಾಡಿಕೊಡ್ತೀನಿ ತಾಯಿ," ಎಂಬ ಮಾತು ಮಾಮನ ಬಾಯಿಂದ ಬಂತು.

ಇನ್ನೊಂದನ್ನು ಮಾಡಿದರು. ಆಮೇಲೆ ಮತ್ತೊಂದು. ಅಂಥ ಬೆಳ್ಳಿಯನ್ನು ಜೀವಮಾನದಲ್ಲಿ ಅವರು ಮಾಡಿರಲಿಲ್ಲ. ಪೊರೆ ಒಂದೆಳೆ ಬಿರಿಯದೆ ಏಳುತ್ತಿತ್ತು. ತಪ್ಪಿತಸ್ಥನ ಕೈ ಎಷ್ಟು ವಿನಯದಿಂದ ಕೆಲಸ ಮಾಡುತ್ತದೆ ಎಂದು ಅವರಿಗೇ ಹೇಸಿಗೆಯಾಯಿತು. ಪ್ರತಿ ಸಲವೂ ನೂರ ಇಪ್ಪತ್ತರ ಆಸುಪಾಸು. ಮೂವತ್ತು ಪಟ್ಟು. ಮುನ್ನೂರನ್ನು ಕಾಣದಿದ್ದರೆ ಅದೇ ಒಳ್ಳೆಯ ಫಲವೆನಿಸುತ್ತಿತ್ತು. ಈಗ ಯಾರಿಗೂ ಅದರ ಮುಖ ನೋಡುವ ಮನಸ್ಸಿಲ್ಲ.

"ಬೆಳ್ಳಿ ಕಪ್ಪಾಗುತ್ತೆ ಅಂತ ಬೆಳ್ಳಿ ಚಮಚ ಇಟ್ಕೊಂಡೋರಿಗೆಲ್ಲ ಗೊತ್ತು," ಎಂದರು ಮೇಷ್ಟ್ರು, ಧ್ವನಿ ಏರಿಸದೆ. "ನಾಲ್ಕು ವರ್ಷ ಇಲ್ಲಿದ್ದೋರಿಗೆ ಗೊತ್ತಿಲ್ಲ."

ಹುಡುಗಿ ಡಬ್ಬಿಗೆ ಎರಡು ಮುಚ್ಚಳ ಮಾಡಿಸಿದಳು. ಕೈಗೆ ಹಚ್ಚುವ ಕ್ರೀಮು ಬಿಟ್ಟಳು. ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ಒಳಗೆ ಬರುವ ಮೊದಲು ಮೊಣಕೈವರೆಗೆ ತೊಳೆಯಿರಿ. ತೊಳೆಯುತ್ತಿದ್ದವಳು ಅವಳೊಬ್ಬಳೇ, ದಿನಕ್ಕೆ ಎಂಟು ಹತ್ತು ಸಲ. ನಗು ಮೊದಲು ಬರುತ್ತಿದ್ದ ಮುಖದಲ್ಲಿ ಈಗ ಮಾತೂ ತಡವಾಗಿ ಬರುತ್ತಿತ್ತು.

ಹದಿನೈದನೆಯ ದಿನ ಮಾಮ ಮೇಜಿನ ಬಳಿ ಒಬ್ಬರೇ ಇದ್ದರು. ಅವರ ಬೆರಳು ಕೆಂಪು ಬಿಲ್ಲೆಯ ತಿರುಪಿನ ಮೇಲೆ ಹೋಯಿತು. ತೆಗೆದುಬಿಟ್ಟರೆ ಅಂಕಿ ಮತ್ತೆ ಸಾವಿರ ದಾಟುತ್ತದೆ. ಹುಡುಗಿ ನಗುತ್ತಾಳೆ, ಸಮ್ಮೇಳನಕ್ಕೆ ಹೋಗುತ್ತಾಳೆ, ಯಾರಿಗೂ ತಿಳಿಯದು. ತಿರುಪು ಅರ್ಧ ಸುತ್ತು ಸಡಿಲವಾಗಿತ್ತು.

"ಏನು ಮಾಮ?"

ಹುಡುಗಿ ಬಾಗಿಲಲ್ಲಿದ್ದಳು. ಒದ್ದೆ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದಳು, ಏನನ್ನೂ ಮುಟ್ಟಬಾರದೆಂದು.

"ಧೂಳು," ಎಂದರು ಮಾಮ, ತಿರುಪನ್ನು ಬಿಗಿ ಮಾಡುತ್ತ.

"ಸೋಮವಾರ ಮೇಷ್ಟ್ರು ಈ ಕೆಲಸವನ್ನ ಬೇರೆಯವರಿಗೆ ಕೊಡ್ತಾರಂತೆ. ಸರಿಯಾಗೇ ಇದೆ. ನಿಮ್ಮ ಬೆಳ್ಳೀಲಿ ಏನೂ ತಪ್ಪಿಲ್ಲ, ಮೇಜಲ್ಲಿ ತಪ್ಪಿಲ್ಲ. ಉಳಿದದ್ದು ನಾನೊಬ್ಬಳೇ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ಕೆಲವರ ಕೈಗೇ ಒಲಿಯಲ್ಲ ಮಾಮ. ನಾನು ಬಿಟ್ಟುಬಿಡ್ತೀನಿ."

ಅವಳ ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಗೆ ಗೆರೆಗಳೆದ್ದಿದ್ದವು. ಮಾಮ ಆಗಲೂ ಹೇಳಲಿಲ್ಲ.

ಭಾನುವಾರ ಮನೆಯಲ್ಲಿ ತಟ್ಟೆಯ ಮುಂದೆ ಕೂತವರು ಏಳಲೂ ಇಲ್ಲ, ಉಣ್ಣಲೂ ಇಲ್ಲ. ಹೆಂಡತಿ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿದರು.

"ಹದಿನೈದು ದಿನದಿಂದ ನೋಡ್ತಾ ಇದ್ದೀನಿ. ಕ್ಷೌರ ಮಾಡ್ಕೊಳ್ಳೋವಾಗಲೂ ಕನ್ನಡಿ ಕಡೆ ನೋಡಲ್ಲ, ಕೆನ್ನೆಯೆಲ್ಲ ಗಾಯ. ಏನು ಕೆಡಿಸಿದ್ರಿ?"

ಮಾಮ ಹೇಳಿದರು. ಬಿಲ್ಲೆ, ಜೇಬು, ಪುಸ್ತಕ, ಹುಡುಗಿಯ ಕೈ. ಎಲ್ಲ ಮುಗಿದ ಮೇಲೆ ಹೆಂಡತಿ ಮಡಿಲಿನ ಬಟ್ಟೆಯ ದಾರವನ್ನು ಹಲ್ಲಿನಿಂದ ಕಡಿದರು.

"ಹೊಲಿಗೆ ಸೊಟ್ಟ ಹೋಗೋದು ತಪ್ಪಲ್ಲ ರೀ. ಯಾರಿಗೆ ಹೋಗಿಲ್ಲ? ನೀವು ಸೊಟ್ಟ ಹೊಲಿಗೆ ಮೇಲೆ ಇಸ್ತ್ರಿ ಹಾಕಿ, ತೊಟ್ಟುಕೊಂಡೋಳ ಮೈ ಸೊಟ್ಟ ಅಂದ್ರಿ."

"ನಾನು ಹಾಗಂದಿಲ್ಲ."

"ಅವಳು ಅಂದ್ಕೊಳ್ತಾ ಇದ್ದಾಗ ಸುಮ್ಮನಿದ್ರಲ್ಲ. ಇನ್ನೇನು ಅನ್ನಬೇಕು?" ಆಮೇಲೆ ದನಿ ತಗ್ಗಿಸಿ, "ಊಟ ಮಾಡಿ. ಖಾಲಿ ಹೊಟ್ಟೇಲಿ ನಿಜ ಹೇಳೋಕಾಗಲ್ಲ, ತಲೆ ತಿರುಗುತ್ತೆ," ಎಂದರು.

ಸೋಮವಾರ ಮಾಮ ಎಲ್ಲರಿಗಿಂತ ಮೊದಲು ಬಂದು ಲೇಸರ್ ಹೊತ್ತಿಸಿದರು. ಹುಡುಗಿ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಳ್ಳಲು ಬಂದಿದ್ದಳು.

"ಒಂದು ನಿಮಿಷ ಯಂತ್ರದ ಮುಂದೆ ಕೂತ್ಕೋ ತಾಯಿ. ಅಂಕಿ ಓದು."

"ನೂರ ಹದಿನೆಂಟು," ಎಂದಳು, ದಣಿದ ದನಿಯಲ್ಲಿ.

ಮಾಮ ಕೆಂಪು ಬಿಲ್ಲೆಯನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು.

"ಸಾವಿರದ ನೂರ ತೊಂಬತ್ತು." ಅವಳು ತಲೆಯೆತ್ತಿದಳು. ಮಾಮ ಬಿಲ್ಲೆಯನ್ನು ಮತ್ತೆ ಹಾಕಿದರು. "ನೂರ ಇಪ್ಪತ್ತು," ಎಂದಳು. ಅಂಕಿ ಓದುವ ಅಭ್ಯಾಸದಿಂದ ಬಂದ ಮಾತು ಅದು. ಕಣ್ಣು ಮಾತ್ರ ಮಾಮನ ಅಂಗೈಯ ಮೇಲಿತ್ತು.

"ನಾನು ತೆಗೆದಿದ್ದೆ. ಒರೆಸೋಕೆ. ಜೇಬಲ್ಲಿ ಮರೆತೆ."

"ಯಾವತ್ತು?"

ಮಾಮ ಆ ಶನಿವಾರದ ತಾರೀಖು ಹೇಳಿದರು.

"ವಾಪಸ್ ಹಾಕಿದ್ದು?"

ಮೊದಲನೆಯ ತಾರೀಖು ಹೇಳುವುದು ಕಷ್ಟವಾಗಿರಲಿಲ್ಲ. ಎರಡನೆಯದನ್ನು ಹೇಳುವಾಗ ಮಾಮ ನೆಲ ನೋಡುತ್ತಿದ್ದರು. ಹುಡುಗಿ ಬೆರಳು ಮಡಿಚಿ ಎಣಿಸಿದಳು.

"ಹದಿನೇಳು ದಿನ," ಎಂದಳು. "ಹದಿನೇಳು ದಿನ ನಾನು ಕೈ ತೊಳೀತಾ ಇದ್ದೆ. ನೀವು ನೋಡ್ತಾ ಇದ್ರಿ."

ಅವಳು ಮೇಜಿನ ಮೂಲೆಯ ಪುಸ್ತಕವನ್ನು ತಂದು ಮಾಮನ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟು, ಮೇಷ್ಟ್ರ ಕೋಣೆಗೆ ಹೋದಳು.

ಮಾಮ ಬರೆದರು. ಕೆಂಪು ಬಿಲ್ಲೆ ತೆಗೆದ ದಿನ. ಹಾಕಿದ ದಿನ. ಅದರ ಕೆಳಗೆ: ತಿಳಿದೂ ಹದಿನೇಳು ದಿನ ಹೇಳಲಿಲ್ಲ. ತಪ್ಪು ನನ್ನದು, ಬೇರೆ ಯಾರ ಕೈಯದೂ ಅಲ್ಲ.

ಮೇಷ್ಟ್ರು ಅದನ್ನು ಓದಿದರು. ಬೈದಿದ್ದರೆ ಹಗುರಾಗುತ್ತಿತ್ತು. "ನನಗಿಂತ ನಿಮ್ಮನ್ನ ಹೆಚ್ಚು ನಂಬಿದ್ದಳು ಅವಳು," ಎಂದಷ್ಟೇ ಹೇಳಿ, ಸಮ್ಮೇಳನದವರಿಗೆ ಮುನ್ನೂರು ಸುಳ್ಳೆಂದು ಪತ್ರ ಬರೆಯಲು ಕೂತರು. ಆಮೇಲೆ ಹುಡುಗಿಯ ಬಳಿ ಹೋಗಿ, ಚಮಚದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರಂತೆ.

ಕೆಲಸ ಅವಳಲ್ಲೇ ಉಳಿಯಿತು. ಮೂವತ್ತು ಪಟ್ಟಿನ ಮೇಲೆ, ಮೊದಲಿನಿಂದ, ಅವಳು ಎಲ್ಲವನ್ನೂ ಮತ್ತೆ ಅಳೆದಳು. ಪ್ರತಿ ಬೆಳಿಗ್ಗೆ ಮೇಜಿನ ನಲವತ್ತು ಕಂಬಗಳನ್ನೂ ಒಂದೊಂದಾಗಿ ತಾನೇ ನೋಡಿ, ಆಮೇಲೆ ಲೇಸರ್ ಹೊತ್ತಿಸುತ್ತಿದ್ದಳು. ಮಾಮ ಅದನ್ನು ದೂರದಿಂದ ನೋಡುತ್ತಿದ್ದರು. ಬೆಳ್ಳಿ ಬೇಕಾದಾಗ ಬಂದು, "ನಾಳೆಗೆ ಎರಡು ಬೇಕಿತ್ತು," ಎನ್ನುತ್ತಿದ್ದಳು. ಮಾತಿನ ಕೊನೆಗೆ ಇರುತ್ತಿದ್ದ 'ಮಾಮ' ಎಂಬ ಪದ ಈಗ ಇರುತ್ತಿರಲಿಲ್ಲ. ಉಳಿದವರು ಹಾಗೆ ಕರೆದಾಗ ಅವರಿಗೆ ಬೇರೆ ಯಾರನ್ನೋ ಕರೆದಂತೆ ಕೇಳುತ್ತಿತ್ತು.

ಮುಂದಿನ ವರ್ಷ ಒಬ್ಬ ಹೊಸ ವಿದ್ಯಾರ್ಥಿನಿ ಸೇರಿದಳು. ಮೊದಲ ವಾರ ಅವಳು ಪಕ್ಕದ ಕೋಣೆಯಲ್ಲಿ ಕೂತು ಮೇಜಿನ ಪುಸ್ತಕ ಓದುತ್ತಿದ್ದಳು. ಇತ್ತ ಮಾಮ ಮಣಿಗಳನ್ನು ನೀರಿನ ಮೇಲೆ ಬಿಟ್ಟಿದ್ದರು. ತೆರೆದ ಬಾಗಿಲಿನಿಂದ ಪುಟ ತಿರುವುವ ಸದ್ದು ಕೇಳುತ್ತಿತ್ತು. ತಾವು ತಪ್ಪು ಬರೆದಿಟ್ಟದ್ದು ಎಷ್ಟನೆಯ ಪುಟ ಎಂದು ಅವರಿಗೆ ಬಾಯಿಪಾಠ. ಗಾಜನ್ನು ನೀರಿನೊಳಗೆ ಇಳಿಸಿದರು, ಉಸಿರು ಹಿಡಿದರು, ಓರೆಯಾಗಿ ಎತ್ತತೊಡಗಿದರು. ಪುಟದ ಸದ್ದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು.

ಪಾರಿವಾಳದ ಬಣ್ಣದ ನಡುವೆ ಕೂದಲೆಳೆಯಂಥ ಬಿರುಕೊಂದು ಓಡಿತು.

ಅದನ್ನು ಎಸೆದು ಇನ್ನೊಂದು ಮಾಡಬಹುದಿತ್ತು. ಮಣಿಗಳು ಇನ್ನೂ ಇದ್ದವು. ಮಾಮ ಅದನ್ನು ಒಣಗಿಸಿ, ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ಬರೆದರು: ಬಿರಿದಿದೆ. ನನ್ನ ಕೈ ನಡುಗಿತು. ಬರೆದು, ಹುಡುಗಿ ದಿನಾ ಬಂದು ನೋಡುವ ಕಪಾಟಿನ ಮೇಲಿಟ್ಟರು.

ಸಂಜೆ ಅವಳು ಬಂದಳು. ಡಬ್ಬಿ ಎತ್ತಿಕೊಂಡು, ಬೆಳಕಿಗೆ ತಿರುಗಿಸಿ ಬರಹ ಓದಿದಳು. ಮಾಮ ತಟ್ಟೆ ತೊಳೆಯುತ್ತ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಅರ್ಧ ಚೆನ್ನಾಗಿದೆ. ಆ ಭಾಗದಲ್ಲಿ ಅಳೀಬಹುದು," ಎಂದಳು. ಬಾಗಿಲವರೆಗೆ ಹೋಗಿ, ಅಲ್ಲಿಂದಲೇ, "ನಾಳೆ ಇನ್ನೊಂದು ಮಾಡಿ, ಮಾಮ," ಎಂದಳು.

ಮಾಮ ತಿರುಗಲಿಲ್ಲ. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದರು.